ಕಥೆ ಹೇಳುತ್ತಿರುವವರು ಯಾರು?

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನಾನು, ಸಣ್ಣಕಥೆಯನ್ನು ವಸ್ತು, ಪಾತ್ರ, ಆವರಣ, ತಂತ್ರ ಎಂಬ ರೂಢಿಯ ಕ್ರಮದಲ್ಲಿ ಆರಂಭಿಸುವುದಿಲ್ಲ. ಹಾಗೆ ಹೊರಟರೆ ವಿದ್ಯಾರ್ಥಿಗಳು ಲಕ್ಷಣಗಳನ್ನು ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಇಳಿಸುತ್ತಾರೆಯೇ ಹೊರತು, ಹೊಸ ಕಥೆಯೊಂದು ಕೈಗೆ ಬಂದಾಗ ಅವುಗಳನ್ನು ಗುರುತಿಸಲಾರರು. ಆದ್ದರಿಂದ ಈ ಕಥೆಯನ್ನು ಹೇಳುತ್ತಿರುವವರು ಯಾರು, ಅವರಿಗೆ ಗೊತ್ತಿಲ್ಲದಿರುವುದು ಏನು ಎಂಬುದನ್ನೇ ನಾನು ಮೊದಲು ಕೇಳುತ್ತೇನೆ.

ಇದಕ್ಕಾಗಿ ತರಗತಿಯಲ್ಲೇ ಒಂದು ಸನ್ನಿವೇಶವನ್ನು ಕಟ್ಟಿಕೊಳ್ಳುತ್ತೇವೆ. ರೈತನೊಬ್ಬ ಸಣ್ಣ ಮಗಳನ್ನು ಕರೆದುಕೊಂಡು ತೊಗರಿ ಚೀಲಗಳೊಂದಿಗೆ ಅಡತಿ ಅಂಗಡಿಗೆ, ಅಂದರೆ ದಲ್ಲಾಳಿ ಸಾಹುಕಾರನ ಅಂಗಡಿಗೆ, ಬಂದಿದ್ದಾನೆ. ಅಡತಿದಾರ ಹಳೆಯ ಸಾಲ ಮುರಿದುಕೊಂಡ ಮೇಲೆ ರೈತನ ಕೈಗೆ ಬರುವ ಹಣ ಅಷ್ಟಕ್ಕಷ್ಟೆ. ಅಡತಿದಾರನ ಬಾಯಲ್ಲಿ ಇದು ತೇವ, ತೂಕ, ಹಮಾಲಿ, ಬಡ್ಡಿಗಳ ತಪ್ಪಿಲ್ಲದ ಲೆಕ್ಕವಾಗುತ್ತದೆ. ಎಲ್ಲ ಬಲ್ಲ ನಿರೂಪಕ ಹೇಳಿದರೆ ಇಬ್ಬರ ಮನಸ್ಸೂ ತಿಳಿಯುತ್ತದೆ, ಆದರೆ ಓದುಗರ ಊಹೆಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಮಗಳು ಹೇಳಿದರೆ ಮಾತ್ರ, ‘ಸಾಹುಕಾರರು ನನಗ ಪೆಪ್ಪರಮಿಂಟ್ ಕೊಟ್ರು, ಅಪ್ಪ ದಾರ‍್ಯಾಗ ಮಾತೇ ಆಡ್ಲಿಲ್ಲ’ ಎಂಬಷ್ಟರಲ್ಲಿ ಮುಗಿದುಹೋಗುತ್ತದೆ. ಅವಳು ಸಾಲದ ಸುದ್ದಿಯನ್ನೇ ಎತ್ತಿಲ್ಲ, ಆದರೂ ಅದು ನಮಗೆ ಕೇಳಿಸುತ್ತದೆ. 9ನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಕಾವ್ಯದಲ್ಲಿ ಗುರುತಿಸಿದ ಧ್ವನಿಯನ್ನು, ಅಂದರೆ ಬಾಯಿಬಿಟ್ಟು ಹೇಳದೆಯೇ ಹೊಳೆಯುವ ಅರ್ಥವನ್ನು, ವಿವರಿಸಲು ನನಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ.

ಇಷ್ಟಾದ ಮೇಲೆ ಪಾತ್ರದ ಬಗ್ಗೆ ಹೆಚ್ಚು ಹೇಳಬೇಕಾಗುವುದಿಲ್ಲ; ಪೆಪ್ಪರಮಿಂಟ್ ಕೊಟ್ಟ ಕೈಯೇ ಸಾಲ ಮುರಿದುಕೊಂಡದ್ದನ್ನು ಕಂಡವರು ಸಾಹುಕಾರನನ್ನು ಕೇವಲ ಖಳನೆಂದು ಬರೆಯುವುದಿಲ್ಲ. ಕಥಾಸಂವಿಧಾನಕ್ಕೆ (ಪ್ಲಾಟ್) ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೊಟ್ಟ ಉದಾಹರಣೆಯೇ ಸಾಕು: ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂಬುದು ಬರಿಯ ಕಥೆ, ರಾಜ ಸತ್ತ ದುಃಖದಿಂದ ರಾಣಿ ಸತ್ತಳು ಎಂದರೆ ಸಂವಿಧಾನ. ನಮ್ಮ ಕಥೆಯಲ್ಲಿ ಅಪ್ಪನ ಮೌನಕ್ಕೆ ಕಾರಣವನ್ನು ಹುಡುಕುವ ಕೆಲಸ ಓದುಗರ ಪಾಲಿಗೆ ಬಂದಿದೆ.

ಆವರಣವೆಂದರೆ ಊರಿನ ಹೆಸರು ಮತ್ತು ಬಿಸಿಲಿನ ವರ್ಣನೆ ಎಂಬ ತಿಳಿವಳಿಕೆ ಮಾತ್ರ ಬೇಗ ಹೋಗುವುದಿಲ್ಲ. ಅಂಥವರಿಗೆ ನಮ್ಮವರೇ ಆದ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಯ ಸಂಭಾಷಣೆಗಳನ್ನು ಗಟ್ಟಿಯಾಗಿ ಓದಿಸುತ್ತೇನೆ. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕೃತಿಯಲ್ಲಿ ಈ ಸೀಮೆಯ ಆಡುಮಾತೇ ಆವರಣವನ್ನು ಕಟ್ಟುತ್ತದೆ. ಅದನ್ನು ಶಿಷ್ಟ ಕನ್ನಡಕ್ಕೆ ತಿದ್ದಿ ನೋಡಿದರೆ ಕೇರಿ, ವರ್ಗ, ಸಿಟ್ಟು ಎಲ್ಲವೂ ಮಾಸುತ್ತವೆ. (ಮನೆಮಾತಿಗೆ ನಾಚುವ ಹುಡುಗರು ಈ ಓದಿಗೆ ತಾವಾಗಿಯೇ ಮುಂದೆ ಬರುವುದುಂಟು.)

ವಸ್ತುವನ್ನು ಕೊನೆಯಲ್ಲಿ ಕೇಳುತ್ತೇನೆ. ‘ಬಡತನ’ ಎಂಬ ಒಂದು ಪದದ ಉತ್ತರವನ್ನು ಒಪ್ಪುವುದಿಲ್ಲ. ಈ ಕಥೆ ಬಡತನದ ಬಗ್ಗೆ ಏನು ಹೇಳುತ್ತಿದೆ ಎಂಬುದನ್ನು ಪೂರ್ಣ ವಾಕ್ಯದಲ್ಲಿ ಬರೆದು, ಅದಕ್ಕೆ ಆಧಾರವಾದ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತರಬೇಕು.