ಡಬ್ಬಾ ಟಿವಿಯಲ್ಲಿ ಬಾತುಕೋಳಿ ಬಿತ್ತು

ಹೋದ ದೀಪಾವಳಿ ಕಳೆದ ಮೂರನೇ ದಿನ, ಸಂಜೆ ಏಳರ ಹೊತ್ತು. ನಮ್ಮ ಮನೆಯ ಡಬ್ಬಾ ಟಿವಿಯಲ್ಲಿ ಮೊದಲ ಬಾತುಕೋಳಿ ಕೆಳಗೆ ಬಿತ್ತು. ಪರದೆ ಮೇಲೆ ಹಾರುವ ಬಾತುಕೋಳಿಗೆ ಗನ್ ಹಿಡಿದು ಹೊಡೆಯುವ ಅದೇ ವಿಡಿಯೋ ಗೇಮ್ ಡಕ್ ಹಂಟ್, ಅದೇ ಹಳೇ ಕ್ಯಾಸೆಟ್, ಅದೇ ಪ್ಲಾಸ್ಟಿಕ್ ಗನ್. ಇದಕ್ಕೆ ಮೂರು ವರ್ಷ ಹಿಡಿಯಿತು. "ಬಿಡೋ ಮಾರಾಯ, ಮೊಬೈಲಿನಲ್ಲಿ ಹಳೇ ಗೇಮ್ ಆಡಿಸೋ ಎಮ್ಯುಲೇಟರ್ ಆ್ಯಪ್ ಹಾಕ್ಕೊಂಡು ಆಡು" ಅಂತ ಗೆಳೆಯರೆಲ್ಲ ಹೇಳಿದ್ದರು. ಟಿವಿ ರಿಪೇರಿಯವರಂತೂ "ಆ ಗನ್ನೆಲ್ಲ ಈಗ ನಡೆಯಲ್ಲ ಸಾರ್" ಅಂತ ಕೈ ಆಡಿಸಿಬಿಟ್ಟಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಂಟ್ರಾ, ಮಾರಿಯೋ, ಟ್ಯಾಂಕ್ ಗೇಮ್ ಆಡೋಕೆ ಇವತ್ತು ನೂರು ದಾರಿ ಇವೆ. ಗನ್ ಗೇಮಿಗೆ ಹಾಗಿಲ್ಲ. ಟ್ರಿಗರ್ ಒತ್ತಿದ ಕೂಡಲೇ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದಲ್ಲ, ಗನ್ ಅದನ್ನು ಆ ಕ್ಷಣಕ್ಕೇ ನೋಡಬೇಕು. ಎಲ್‌ಇಡಿ ಟಿವಿ ಚಿತ್ರವನ್ನು ಚೂರು ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಗೇಮ್ ಲೆಕ್ಕ ಮುಗಿಸಿರುತ್ತದೆ.

ಇಷ್ಟು ಗೊತ್ತಿದ್ದೂ ಮೊದಲ ಏಟಿಗೇ ಎಡವಿದೆ. ದೊಡ್ಡದಿರಲಿ ಅಂತ 29 ಇಂಚಿನ ಫ್ಲಾಟ್ ಟ್ಯೂಬ್ ಟಿವಿಯನ್ನು 1500 ರೂಪಾಯಿಗೆ ತಂದೆ. ಸಾಗಿಸಲು ಆಟೋಗೆ ಬೇರೆ 300. ಮೂವರು ಸೇರಿ ಮೇಲಿನ ಮನೆಗೆ ಹೊತ್ತೆವು. ಚಿತ್ರ ಏನು ಚೆಂದ! ಆದರೆ ಒಂದು ಬಾತುಕೋಳಿಯೂ ಬೀಳಲಿಲ್ಲ. ಎರಡು ತಿಂಗಳು ಗನ್ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿದ ಮೇಲೆ ಟಿವಿಯ ಹಿಂದಿನ ಚೀಟಿ ಓದಿದೆ. 100 ಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಸಲ ಚಿತ್ರ ಮೂಡಿಸುವ ಸೆಟ್ ಅದು. ಟ್ಯೂಬ್ ಇದ್ದರೂ ಒಳಗೆ ಚಿತ್ರವನ್ನು ಒಮ್ಮೆ ಹಿಡಿದಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಅಲ್ಲಿಗೆ ಗನ್ ಕಥೆ ಮುಗಿಯಿತು. ಕೊನೆಗೆ ಅದು ಗುಜರಿಗೆ 400 ರೂಪಾಯಿಗೆ ಹೋಯಿತು. ನೀವು ಟಿವಿ ತರುವುದಾದರೆ ಆ ಚೀಟಿ ಓದಿಯೇ ದುಡ್ಡು ಕೊಡಿ.

ಎರಡನೆಯದು 14 ಇಂಚಿನ ಮಾಮೂಲಿ ಸೆಟ್. ಗುಜರಿಯವನು 350ಕ್ಕೆ ಕೊಟ್ಟ. ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಇ.ಎಚ್.ಟಿ. ಹೋಗಿತ್ತು, ಜೊತೆಗೆ ಡ್ರೈ ಸೋಲ್ಡರ್, ಅಂದರೆ ಬೆಸುಗೆ ಬಿಟ್ಟಿತ್ತು. ರಿಪೇರಿಗೆ 900ರ ಹತ್ತಿರ ಆಯಿತು. ಈ ಕೆಲಸ ಮಾತ್ರ ನಾನು ಮಾಡಲಿಲ್ಲ, ನೀವೂ ಮಾಡಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಕರೆಂಟ್ ನಿಂತಿರುತ್ತದೆ.

ಇನ್ನು ವಿಡಿಯೋ ಗೇಮ್. ನನ್ನ ಹತ್ತಿರ ಇದ್ದದ್ದು ತೊಂಬತ್ತರ ದಶಕದ 60 ಪಿನ್ ಕ್ಯಾಸೆಟ್‌ನ ಸೆಟ್, ಜಪಾನಿನ ನಿಂಟೆಂಡೊ ಸೆಟ್ಟಿನ ನಕಲು, ನಾವೆಲ್ಲ ಆಡಿದ್ದು ಇಂಥದ್ದನ್ನೇ ಅಲ್ವಾ. 9 ವೋಲ್ಟ್ ಅಡಾಪ್ಟರ್ ಅಂತ ಯಾವುದನ್ನೋ ಚುಚ್ಚಿದೆ. ನನ್ನ ಸೆಟ್ಟಿಗೆ ಪಿನ್ನಿನ ಒಳಗೆ ಮೈನಸ್ ಬೇಕಿತ್ತು, ಆ ಅಡಾಪ್ಟರಿನಲ್ಲಿ ಪ್ಲಸ್ ಇತ್ತು. ಚಿಟ್ ಅಂತ ಸದ್ದು, ಸುಟ್ಟ ವಾಸನೆ. ವೋಲ್ಟೇಜ್ ಇಳಿಸುವ 7805 ಚಿಪ್ ಜೊತೆ ಬೋರ್ಡೂ ಹೋಯಿತು. ಸಂಡೆ ಬಜಾರಿನಲ್ಲಿ ನಾಲ್ಕು ಭಾನುವಾರ ಸುತ್ತಿ ಇನ್ನೊಂದು ಸೆಟ್ ತಂದೆ, 600 ರೂಪಾಯಿ. ಆಂಟೆನಾ ವೈರಿನಲ್ಲಿ ಚಿತ್ರ ಮರಳು ಮರಳಾಗಿತ್ತು. ಚಿತ್ರವನ್ನು ಆಂಟೆನಾ ಸಿಗ್ನಲ್ ಮಾಡುವ ಮಾಡ್ಯುಲೇಟರ್ ಡಬ್ಬಿಗೆ ಹೋಗುವ ಮೊದಲೇ ವಿಡಿಯೋ ಎಳೆದು, ಒಂದು ಟ್ರಾನ್ಸಿಸ್ಟರ್ ಕೂರಿಸಿ ನೇರ ಟಿವಿಯ ಎವಿ ಪಿನ್ನಿಗೆ ಕೊಟ್ಟೆ. ಈಗ ಮಾರಿಯೋ ಮೀಸೆಯ ಚೌಕಗಳನ್ನು ಎಣಿಸಬಹುದು. ಕ್ಯಾಸೆಟ್ ಪಿನ್ನಿಗೆ ಬಾಯಲ್ಲಿ ಊದುವುದನ್ನು ಬಿಟ್ಟೆ, ಎಂಜಲು ತೇವಕ್ಕೆ ಪಿನ್ ಕಪ್ಪಾಗುತ್ತದೆ. ಪೆನ್ಸಿಲ್ ರಬ್ಬರ್, ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆ. ಸಾಕು.

ಮಧ್ಯೆ ಒಂದು ಸಂಗತಿ ಹೇಳಲೇಬೇಕು. ಎಮ್ಯುಲೇಟರಿನಲ್ಲಿ ಮಾರಿಯೋ ಹಾಕಿದಾಗಲೆಲ್ಲ ಸಂಗೀತ ಓಡಿದ ಹಾಗೆ ಕೇಳುತ್ತಿತ್ತು. ನೆನಪೇ ಸರಿಯಿಲ್ಲವೇನೋ ಅಂದುಕೊಂಡಿದ್ದೆ. ಎಮ್ಯುಲೇಟರ್, ನನ್ನ ಸೆಟ್ ಎರಡನ್ನೂ ಪಕ್ಕಪಕ್ಕ ಇಟ್ಟು ಒಟ್ಟಿಗೆ ಶುರು ಮಾಡಿದೆ. ಎಮ್ಯುಲೇಟರ್ ಓಡುವುದು ಜಪಾನಿನ ಮೂಲ ಸೆಟ್ಟಿನ ಹಾಗೆ ಸೆಕೆಂಡಿಗೆ 60 ಚಿತ್ರ, ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್‌ಗೆ ಮಾಡಿದ ನಕಲು ಸೆಟ್ 50. ನಮ್ಮ ಬಾಲ್ಯದ ಮಾರಿಯೋ ನಿಜಕ್ಕೂ ನಿಧಾನವಾಗಿ ಓಡುತ್ತಿದ್ದ! 1985ರಲ್ಲಿ ಮಾಡಿದ ಟ್ಯೂನ್ ನನ್ನ ಕಿವಿಯಲ್ಲಿ ಕೂತದ್ದು ಆ ನಿಧಾನದಲ್ಲೇ. ಅವತ್ತು ರಾತ್ರಿ ಒಂದರವರೆಗೆ ಕೂತು ಎರಡನ್ನೂ ಕೇಳಿದೆ.

ಅದೇ ಹುಮ್ಮಸ್ಸಿನಲ್ಲಿ ಕಾಂಟ್ರಾ ಕೂಡ ಹಿಡಿದೆ. ಮೇಲೆ ಮೇಲೆ ಕೆಳಗೆ ಕೆಳಗೆ ಅಂತ ಶುರುವಾಗುವ ಚೀಟ್ ಕೋಡ್ ಒತ್ತಿ 30 ಜೀವ ತಗೊಳ್ಳದೆ ಎಂಟೂ ಸ್ಟೇಜ್ ಮುಗಿಸಿದೆ. ಒಂದೇ ಸಲ ಹಲವು ಗುಂಡು ಹರಡುವ ಸ್ಪ್ರೆಡ್ ಗನ್ ಕೈಬಿಡದಿದ್ದರೆ ಆಗುತ್ತದೆ. ಎಲ್‌ಇಡಿಯಲ್ಲಿ ಜಲಪಾತದ ಸ್ಟೇಜಿನಲ್ಲೇ ಸಾಯುತ್ತಿದ್ದೆ, ಟ್ಯೂಬಿನಲ್ಲಿ ಒತ್ತಿದ ಗಳಿಗೆಗೇ ನೆಗೆತ.

ಗನ್ ವಿಷಯಕ್ಕೆ ಬರೋಣ. ಮೂರು ಗನ್ ತಂದೆ, ಒಂದೊಂದಕ್ಕೂ ಮುನ್ನೂರರ ಸುಮಾರು. ಮೊದಲನೆಯದರಲ್ಲಿ ವೈರ್ ಒಳಗೇ ತುಂಡಾಗಿತ್ತು. ಎರಡನೆಯದರ ಲೆನ್ಸ್ ಮೇಲೆ ಬೂಷ್ಟು. ಮೂರನೆಯದರಲ್ಲಿ ಎಲ್ಲ ಸರಿಯಿದ್ದರೂ ಹತ್ತರಲ್ಲಿ ಎರಡು ಬಿದ್ದರೆ ಹೆಚ್ಚು. ಚಿಕ್ಕವರಿದ್ದಾಗ ಬಲ್ಬಿನ ಕಡೆ ಗುರಿಯಿಟ್ಟರೆ ಬೀಳುತ್ತದೆ ಅಂತ ಹುಡುಗರು ಹೇಳುತ್ತಿದ್ದರಲ್ಲ, ಅದನ್ನೂ ನೋಡಿದೆ. ಬೀಳಲ್ಲ. ಪರದೆ ಕಪ್ಪಾದಾಗಲೂ ಬೆಳಕು ಕಂಡರೆ ಗೇಮ್ ಅದನ್ನು ಒಪ್ಪಲ್ಲ.

ಹಳೇ ಟ್ಯೂಬ್ ಮಂಕಾಗಿತ್ತು, ಅದೇ ಗುಟ್ಟು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಏರಿಸಿದೆ, ಹತ್ತಕ್ಕೆ ಐದಾಯಿತು. ಮಿಕ್ಕಿದ್ದಕ್ಕೆ ಗನ್ನಿನ ಒಳಗೆ ಒಂದು ರೆಸಿಸ್ಟರ್ ಬದಲಿಸಿದೆ. ಎಷ್ಟರದ್ದು, ಯಾವ ಜಾಗದ್ದು ಅಂತ ಇಲ್ಲಿ ಹೇಳಲ್ಲ, ಅದು ಆರು ತಿಂಗಳ ದುಡಿಮೆ. ಇನ್ನೊಂದು, ಲೆನ್ಸಿನ ಮುಂದೆ ಏನೋ ಸುತ್ತಿದ್ದೇನೆ. ಅದೂ ನನ್ನಲ್ಲೇ ಇರಲಿ. ಈಗ ಎಂಟಡಿ ದೂರದಿಂದ ಹತ್ತಕ್ಕೆ ಒಂಬತ್ತು ಬೀಳುತ್ತವೆ.

ಒಟ್ಟು ಖರ್ಚು ಐದೂವರೆ ಸಾವಿರದ ಆಸುಪಾಸು, ಸುಟ್ಟದ್ದು, ಗುಜರಿಗೆ ಹಾಕಿದ್ದು ಸೇರಿ.

ಮಗಳಿಗೆ ಒಂಬತ್ತು ವರ್ಷ. ಒಂದೇ ಬಾತುಕೋಳಿಯ ಆಟದಲ್ಲಿ ಜಾಯ್‌ಸ್ಟಿಕ್ ಹಿಡಿದವರು ಬಾತುಕೋಳಿಯನ್ನು ಹಾರಿಸಬಹುದು, ಗೊತ್ತಲ್ಲ? ಅವಳು ಹಾರಿಸುತ್ತಾಳೆ, ನಾನು ಹೊಡೆಯುತ್ತೇನೆ. ಮೂರು ಗುಂಡು ಖಾಲಿಯಾಗುವವರೆಗೆ ಅದನ್ನು ಪರದೆಯ ಬಲ ಮೂಲೆಗೆ ಒತ್ತಿ ಹಿಡಿಯುತ್ತಾಳೆ, ನಾಯಿ ಹುಲ್ಲಿನಿಂದ ಎದ್ದು ನಗುತ್ತದೆ, "ಅಪ್ಪಾ, ಇನ್ನೊಂದ್ಸಲ" ಅನ್ನುತ್ತಾಳೆ.