ಬಾಯಿಮಾತಿನ ಪಾಲುದಾರಿಕೆ, ಕ್ರೇಟಿನ ಲೆಕ್ಕ

ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಕೊಂಡು ಹೊರರಾಜ್ಯಕ್ಕೆ ಲೋಡು ಕಳಿಸುವ ವ್ಯಾಪಾರವನ್ನು ನಾನೂ ನನ್ನ ಗೆಳೆಯನೂ ಆರು ವರ್ಷ ಮಾಡಿದೆವು. ದುಡ್ಡು ಜಾಸ್ತಿ ನನ್ನದು, ಓಡಾಟ ಅವನದು. ಒಂದು ಹಾಳೆ ಬರೆದಿರಲಿಲ್ಲ. ರೇಟು ಬಿದ್ದು ರಸ್ತೆಗೆ ಸುರಿಯುವ ಕಾಲದಲ್ಲೂ ಜಗಳ ಬರಲಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತಲ್ಲ, ಆಗ ಬಂತು.

"ಹರಾಜಿಗೆ ನಿಲ್ಲೋನು ನಾನು. ನೂರಕ್ಕೆ ಅರವತ್ತು ನಿಂಗೆ ಅಂತ ನೀನೇ ಅಂದಿದ್ದೆಯಲ್ಲಪ್ಪಾ" ಅಂದ. ನನಗೆ ನೆನಪಿದ್ದದ್ದು ಅರ್ಧರ್ಧ. ಜೊತೆಗೆ ನಾನು ಬಂಡವಾಳದ ಮೇಲೆ ಹೆಚ್ಚಿಗೆ ಹಾಕಿದ್ದ ಮೂರು ಲಕ್ಷಕ್ಕೆ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೇಳಿದೆ. ಎರಡು ತಿಂಗಳು ಮಾತೇ ಬಿಟ್ಟೆವು.

ಕೇಸು ಹಾಕೋಣ ಅಂತ ವಕೀಲರ ಹತ್ತಿರ ಹೋದೆ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಬಾಯಿಮಾತಿನ ಪಾಲುದಾರಿಕೆಯೂ ನಡೆಯುತ್ತದೆ, ಆದರೆ ಫರ್ಮ್ ರಿಜಿಸ್ಟರ್ ಆಗಿಲ್ಲದಿದ್ದರೆ ಒಪ್ಪಂದದ ಹಕ್ಕಿಗಾಗಿ ಪಾಲುದಾರನ ಮೇಲೆ ದಾವೆ ನಿಲ್ಲುವುದಿಲ್ಲ ಅಂದರು. ವ್ಯವಹಾರ ಮುಗಿಸಿ ಲೆಕ್ಕ ಕೊಡಿಸಿ ಅಂತ ಕೇಳಬಹುದು, ಅದೂ ಮುಗಿಸಿದ ಮೂರು ವರ್ಷದೊಳಗೆ. ಬೇರೆ ಒಪ್ಪಂದ ಇತ್ತು ಅಂತ ತೋರಿಸಲಾಗದಿದ್ದರೆ ಲಾಭ ಸಮಪಾಲು, ದುಡಿದದ್ದಕ್ಕೆ ಬೇರೆ ಸಂಬಳ ಇಲ್ಲ. ನಾನು ಹಿಗ್ಗಿದೆ. "ನಿಮ್ಮ ಹೆಚ್ಚಿನ ದುಡ್ಡಿಗೂ ವರ್ಷಕ್ಕೆ ಆರು ಪರ್ಸೆಂಟೇ" ಅಂದರು. ಎಂಟು ತಿಂಗಳಿಗೆ 48 ಸಾವಿರ ಅಂದುಕೊಂಡಿದ್ದು 12 ಸಾವಿರಕ್ಕೆ ಇಳಿಯಿತು.

ಆಮೇಲೆ ಇಬ್ಬರಿಗೂ ಬೇಕಾದ ಒಬ್ಬ ಹಳೇ ಮಂಡಿ ಯಜಮಾನರ ಹತ್ತಿರ ಕೂತೆವು. ಅವರು ಮಾತಾಡಲೇ ಬಿಡಲಿಲ್ಲ. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, "ಏನೇನು ಮಾತಾಗಿತ್ತೋ ಬೇರೆ ಬೇರೆ ಕೂತು ಬರೀರಿ" ಅಂದರು. ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಬಾಡಿಗೆ, ಹಮಾಲಿ, ಲಾರಿ ಅಡ್ವಾನ್ಸು ಎಲ್ಲ ತಾಳೆಯಾದವು. ತಕರಾರು ಇದ್ದದ್ದು ಲಾಭದ ಪಾಲು, ಬಡ್ಡಿ, ಟೊಮ್ಯಾಟೊ ತುಂಬುವ ಕ್ರೇಟು ಯಾರಿಗೆಷ್ಟು ಅನ್ನೋದು, ಈ ಮೂರರಲ್ಲೇ.

ಪಾಲಿಗೆ ಸಾಕ್ಷಿ ಹುಡುಕಿದೆವು. ಫೋನ್‌ಪೇ ಸ್ಟೇಟ್‌ಮೆಂಟು ತೆಗೆದರೆ 2021ರಿಂದ ಪ್ರತಿ ಸಲ ಸರಿಯಾಗಿ ಅರ್ಧ ಹೋಗಿದೆ. ಅವನ ಡೈರಿಯಲ್ಲಿ, ಟೊಮ್ಯಾಟೊ ರಸ ಅಂಟಿ ಎರಡು ಪುಟ ಕಚ್ಚಿಕೊಂಡಿದ್ದ ಕಡೆ, "60 — ಸೀಜನ್ ಆದ್ಮೇಲೆ ಮಾತಾಡೋಣ ಅಂದ" ಅಂತ ಅವನದೇ ಅಕ್ಷರ. ಅಂದರೆ ನಾನು ಏನೋ ಅಂದಿದ್ದೆ, ಅಲ್ವಾ? ಮುಖ ಕೆಳಗೆ ಹಾಕಿದೆ.

ಕೊನೆಗೆ ಹೊರಗಿನವರ ಸಾಲ ಮೊದಲು ತೀರಿಸಿದೆವು. ಆಮೇಲೆ ನನ್ನ ಮೂರು ಲಕ್ಷ, ಆರು ಪರ್ಸೆಂಟು ಬಡ್ಡಿ. ಆಮೇಲೆ ಇಬ್ಬರ ಬಂಡವಾಳ. ಉಳಿದ ಲಾಭ ಅರ್ಧರ್ಧ. ಅವನ ಓಡಾಟಕ್ಕೆ ಕ್ರೇಟಿನಲ್ಲಿ ಮೂರಕ್ಕೆ ಎರಡು ಪಾಲು ಬಿಟ್ಟುಕೊಟ್ಟೆ. ಅದು ಕಾನೂನಿನ ಲೆಕ್ಕ ಅಲ್ಲ, ಡೈರಿಯ ಲೆಕ್ಕ. ಇಷ್ಟನ್ನೂ ಸ್ಟಾಂಪ್ ಪೇಪರಿನಲ್ಲಿ ಬರೆಸಿ, ಇನ್ನು ಬಾಕಿ ಇಲ್ಲ ಅಂತ ಇಬ್ಬರೂ ಸಹಿ ಹಾಕಿದೆವು.

ಗೋಡೌನಿನಲ್ಲಿ ಕ್ರೇಟು ಎಣಿಸಿದಾಗ 900ಕ್ಕೆ 37 ಕಡಿಮೆ ಬಂದವು. ನಾನು ಅವನ ಮುಖ ನೋಡಿದೆ. "ನನ್ನ ನೋಡಬೇಡ, ನಿಮ್ಮನೆ ಮಹಡಿ ಹತ್ತಿ ನೋಡು" ಅಂದ. ಹೋಗಿ ನೋಡಿದರೆ ಅಮ್ಮ ಹುಣಸೆಹಣ್ಣು ತುಂಬಿಟ್ಟಿದ್ದರು.