ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕ ಜರ್ಮೇನಿಯಂ

ಗಿಟಾರಿನ ಸ್ವರವನ್ನು ಒರಟಾಗಿಸುವ ಫಜ್ ಪೆಡಲ್‌ಗೆ ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಬೇಕಾ? ಮೊದಲು ರೇಡಿಯೋ ರಿಪೇರಿಯವರ ಹತ್ತಿರ ಕೇಳಿ. ನನಗೆ ಮಂಗಳೂರು ಹಂಪನಕಟ್ಟೆಯ ಒಂದು ಹಳೇ ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬಿ ತುಂಬ ಸಿಕ್ಕಿತು. "ಇದೆಲ್ಲ ಈಗ ಯಾರಿಗೆ ಮಾರಾಯ್ರೆ?" ಅಂತ ಅಂಗಡಿಯವರು ನಕ್ಕರು.

ಎಸಿ128, ಎಸಿ188 ಅನ್ನೋ ನಂಬರಿನವು ಹುಡುಕಿ. ಎರಡೂ ಪಿಎನ್‌ಪಿ ಜಾತಿಯವು, ಕೆಳಗಿನ ಅಳತೆ ಈ ಜಾತಿಗೇ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಡಿದ್ದಾದರೂ ಆಗುತ್ತದೆ. 1966ರ ಹೆಸರಾಂತ ಪೆಡಲ್ ಫಜ್ ಫೇಸ್‌ನಲ್ಲಿದ್ದ ಎನ್‌ಕೆಟಿ275 ಟ್ರಾನ್ಸಿಸ್ಟರೇ ಬೇಕು ಅಂತ ಹಟ ಬೇಡ, ಸುಮ್ನೆ ದುಡ್ಡು ದಂಡ.

ಟ್ರಾನ್ಸಿಸ್ಟರ್ ಮೇಲೆ ಅಚ್ಚಾದ ಹೆಸರನ್ನು ನಂಬಬೇಡಿ. ನಾನು ಆನ್‌ಲೈನ್‌ನಲ್ಲಿ ತರಿಸಿದ ನಾಲ್ಕರಲ್ಲಿ ಮೂರು ಸಿಲಿಕಾನ್! ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಬೇಸ್-ಎಮಿಟರ್ ಕಾಲುಗಳ ನಡುವೆ ನೋಡಿ (ಮೂರನೇ ಕಾಲು ಕಲೆಕ್ಟರ್). ಸುಮಾರು 0.2-0.3 ವೋಲ್ಟ್ ಬಂದರೆ ಜರ್ಮೇನಿಯಂ. 0.6 ದಾಟಿದರೆ ವಾಪಸ್ ಕೊಡಿ.

ಅಸಲಿ ಆದರೆ ಸಾಲದು, ಸೋರಿಕೆಯೂ (ಬೇಸ್‌ಗೆ ಏನೂ ಕೊಡದಿದ್ದರೂ ಹರಿಯುವ ಕರೆಂಟ್) ನೋಡಬೇಕು. 9 ವೋಲ್ಟ್ ಬ್ಯಾಟರಿಯ ಪ್ಲಸ್ ಎಮಿಟರ್‌ಗೆ, ಮೈನಸ್ 2.4 ಕಿಲೋ ಓಮ್ ರೆಸಿಸ್ಟರ್ ಮೂಲಕ ಕಲೆಕ್ಟರ್‌ಗೆ. ಬೇಸ್ ಖಾಲಿ ಬಿಡಿ. ಆ ರೆಸಿಸ್ಟರ್ ಮೇಲಿನ ವೋಲ್ಟೇಜ್ ಬರೆದುಕೊಳ್ಳಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಇದ್ದರೆ ನಾನು ಬದಿಗಿಡುತ್ತೇನೆ. ಈಗ ಬೇಸ್‌ಗೆ 2.2 ಮೆಗಾ ಓಮ್ ಮೂಲಕ ಮೈನಸ್ ಕೊಡಿ. ಎರಡು ಅಳತೆಗಳ ವ್ಯತ್ಯಾಸವನ್ನು ನೂರರಿಂದ ಗುಣಿಸಿದರೆ ಹೆಚ್ಚುಕಮ್ಮಿ ಗೇನ್, ಅಂದ್ರೆ ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನೋದು, ಸಿಗುತ್ತದೆ. ಫಜ್ ಫೇಸ್‌ನ ಎರಡು ಟ್ರಾನ್ಸಿಸ್ಟರ್‌ಗಳಲ್ಲಿ ಮೊದಲನೆಯದರ ಗೇನ್ 70-80, ಎರಡನೆಯದರದ್ದು 110-130 ಇದ್ದರೆ ಚಂದ.

ಬೆರಳಿನ ಬಿಸಿಗೂ ಅಳತೆ ಏರುತ್ತದೆ, ಎರಡು ನಿಮಿಷ ಮುಟ್ಟದೆ ಕಾಯಿರಿ. ನಮ್ಮ ಮಂಗಳೂರಿನ ಮೇ ಸೆಕೆ ಗೊತ್ತಲ್ವಾ? ಬೆಳಿಗ್ಗೆ ಬೇಗ ಅಳೆಯಿರಿ. ಬೆಸುಗೆ ಬದಲು ಸಾಕೆಟ್ ಹಾಕಿ.